ಎಂಜಿನ್ ಚಾಲೂ ಆದೊಡನೆ ಶಾರ್ಟ್‌ವೇವ್ ಕಿವುಡಾಗುವುದೇಕೆ?

ಕಾರಿನಲ್ಲಿ ಅಳವಡಿಸಿದ ಶಾರ್ಟ್‌ವೇವ್ ಟ್ರಾನ್ಸ್‌ಸೀವರ್‌ನಲ್ಲಿ (ಕೇಳಲೂ ಮಾತನಾಡಲೂ ಆಗುವ ರೇಡಿಯೊದಲ್ಲಿ), ಎಂಜಿನ್ ನಿಂತಿರುವ ತನಕ, 7 ಮೆಗಾಹರ್ಟ್ಸ್ ಬ್ಯಾಂಡಿನ ಮೇಲೆ ಮಾತನಾಡುತ್ತಿರುವ ಚೆನ್ನೈನ ಅಥವಾ ಕೊಚ್ಚಿಯ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಒಬ್ಬರ ದನಿ ಸಲೀಸಾಗಿ ಕೇಳುತ್ತದೆ. ಕೀಲಿ ತಿರುಗಿಸಿದ ಕೂಡಲೇ ಆ ದನಿಯ ಮೇಲೆ ಟರ್ರೆನ್ನುವ ಸದ್ದೊಂದು ಕವಿದುಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸದ್ದಿನ ಲಯ ಚುರುಕಾಗುತ್ತದೆ, ದನಿ ಮುಳುಗಿಹೋಗುತ್ತದೆ. ಸಿಗ್ನಲ್‌ನ ಬಲವನ್ನು ಹ್ಯಾಮ್‌ಗಳು ಎಸ್-ಮೀಟರ್‌ನಲ್ಲಿ ಓದುತ್ತಾರೆ. ಅದರಲ್ಲಿ ಎಸ್ 9 ಎಂದರೆ ಆಂಟೆನಾ ಕನೆಕ್ಟರ್‌ನಲ್ಲಿ 50 ಮೈಕ್ರೋವೋಲ್ಟ್. ಅಲ್ಲಿಂದ ಕೆಳಗಿನ ಒಂದೊಂದು ಮೆಟ್ಟಿಲಿಗೂ ವೋಲ್ಟೇಜ್ ಅರ್ಧದಷ್ಟಾಗುತ್ತದೆ. ಹಾಗಾಗಿ ಎಸ್ 5ರಲ್ಲಿ ಬರುತ್ತಿರುವ ದನಿ ಸುಮಾರು 3 ಮೈಕ್ರೋವೋಲ್ಟ್, ಎಸ್ 7ಕ್ಕೇರಿದ ಎಂಜಿನ್ ಗದ್ದಲ ಸುಮಾರು 12. ನಾಲ್ಕು ಪಟ್ಟು ದೊಡ್ಡ ಸದ್ದಿನ ಅಡಿಯಿಂದ ಮಾತನ್ನು ಹೆಕ್ಕಿ ತೆಗೆಯಲು ಎಂಥ ಕಿವಿಗೂ ಕಷ್ಟ. ಅತ್ತ ಕಡೆಯವರಿಗೆ ಮಾತ್ರ ಈ ತೊಂದರೆಯ ಸುಳಿವೇ ಇರುವುದಿಲ್ಲ. ನಮ್ಮ 100 ವ್ಯಾಟ್ ಅವರಿಗೆ ಚೆನ್ನಾಗಿಯೇ ತಲುಪುತ್ತಿರುತ್ತದೆ, ಅವರು ಕೊಡುವ ಉತ್ತರ ಮಾತ್ರ ನಮಗೆ ಕೇಳುವುದಿಲ್ಲ.

ಈ ತೊಂದರೆಗೆ ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ಎಂದರೆ ಸ್ಪಾರ್ಕ್ ಪ್ಲಗ್ ಬದಲಾಯಿಸುವುದು, ಅದಕ್ಕೂ ಬಗ್ಗದಿದ್ದರೆ ರೇಡಿಯೊವನ್ನೇ ಬದಲಾಯಿಸುವುದು. ಎರಡನೆಯದು ದುಡ್ಡು ದಂಡ, ಮೊದಲನೆಯದು ಅರ್ಧ ಪರಿಹಾರ. ಗದ್ದಲ ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕಿಂತ ಅದು ಯಾವ ದಾರಿಯಲ್ಲಿ ಆಂಟೆನಾವನ್ನು ಮುಟ್ಟುತ್ತದೆ ಎನ್ನುವುದು ಹೆಚ್ಚು ಮುಖ್ಯವಾದ ಪ್ರಶ್ನೆ, ಮತ್ತು ಆ ದಾರಿ ಹೆಚ್ಚಿನ ಸಲ ವಾಹನದ ತಗಡಿನ ಮೈಯೇ ಆಗಿರುತ್ತದೆ.

ಮೊದಲಿಗೆ ಹುಟ್ಟಿನ ವಿಚಾರ. ಪೆಟ್ರೋಲ್ ಎಂಜಿನ್ನಿನ ಪ್ಲಗ್‌ನ ತುದಿಯಲ್ಲಿರುವ ಸಂದು ಸುಮಾರು 1 ಮಿಲಿಮೀಟರ್. ಸಿಲಿಂಡರಿನೊಳಗೆ ಒತ್ತಡಕ್ಕೊಳಗಾದ ಇಂಧನ ಮಿಶ್ರಣದ ನಡುವೆ ಆ ಸಂದನ್ನು ಹಾರಲು ಹತ್ತು ಸಾವಿರದಿಂದ ಮೂವತ್ತು ಸಾವಿರ ವೋಲ್ಟ್ ಬೇಕಾಗುತ್ತದೆ. ಕಿಡಿ ಹಾರುವ ಮುನ್ನ ಪ್ಲಗ್‌ನಲ್ಲಿ ಮತ್ತು ಅದಕ್ಕೆ ಬರುವ ತಂತಿಯಲ್ಲಿ ಸ್ವಲ್ಪ ವಿದ್ಯುದಂಶ ಶೇಖರವಾಗಿರುತ್ತದೆ. ಸಂದು ಒಡೆದ ಕ್ಷಣ ಅದಷ್ಟೂ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ, ಆ ಗಳಿಗೆಯ ಪ್ರವಾಹ ಹತ್ತಾರು ಆಂಪಿಯರ್‌ಗೆ ಏರುತ್ತದೆ. ಇಷ್ಟು ಚುರುಕಾದ ಏರಿಳಿತಕ್ಕೆ ಒಂದೇ ಕಂಪನಾಂಕ ಎಂಬುದಿಲ್ಲ. ಅದರ ಶಕ್ತಿ ಮೀಡಿಯಂ ವೇವ್‌ನಿಂದ ಹಿಡಿದು ನೂರಾರು ಮೆಗಾಹರ್ಟ್ಸ್‌ವರೆಗೂ ಹರಡಿಕೊಳ್ಳುತ್ತದೆ. 1880ರ ದಶಕದ ಕೊನೆಯಲ್ಲಿ ಹರ್ಟ್ಸ್ ರೇಡಿಯೊ ಅಲೆಗಳನ್ನು ತೋರಿಸಿಕೊಟ್ಟಿದ್ದು ಕಿಡಿಯಿಂದಲೇ, ಜಗದೀಶಚಂದ್ರ ಬೋಸರು 1895ರಲ್ಲಿ ಕೋಲ್ಕತ್ತದಲ್ಲಿ ಪ್ರಯೋಗ ಮಾಡಿದ್ದೂ ಕಿಡಿಯಿಂದಲೇ, ಮಾರ್ಕೋನಿಯ ಮೊದಲ ಟ್ರಾನ್ಸ್‌ಮಿಟರ್‌ಗಳೂ ಅವೇ. ಇಡೀ ಬ್ಯಾಂಡನ್ನು ಒಬ್ಬರೇ ಆಕ್ರಮಿಸಿಕೊಳ್ಳುವ ಈ ಕಿಡಿ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ದೇಶಗಳು ಒಪ್ಪಿಕೊಂಡವು. ಹಡಗುಗಳಿಂದ ಅವು ಇಳಿದುಹೋದವು, ಪೆಟ್ರೋಲ್ ಎಂಜಿನ್ನಿನಲ್ಲಿ ಮಾತ್ರ ಅನಾಮಧೇಯವಾಗಿ ಉಳಿದುಕೊಂಡಿವೆ.

ನಾಲ್ಕು ಸ್ಟ್ರೋಕಿನ, ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಹಾರುತ್ತವೆ. ಐಡ್ಲಿಂಗ್‌ನಲ್ಲಿ, 900 ಸುತ್ತಿನಲ್ಲಿ, 30. ಟರ್ರೆನ್ನುವ ಸದ್ದಿನ ಲಯ ಇದೇ. ಕಿಡಿಯಷ್ಟೇ ಇದ್ದು ಅದಕ್ಕೊಂದು ಉದ್ದನೆಯ ತಂತಿ ಇಲ್ಲದಿದ್ದರೆ ತೊಂದರೆ ಇಷ್ಟು ದೂರ ಬರುತ್ತಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಅದನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್‌ಗೆ, ಅಲ್ಲಿಂದ ನಾಲ್ಕೂ ಪ್ಲಗ್‌ಗಳಿಗೆ ಹೋಗುವ ಎಚ್‌ಟಿ (ಹೈ ಟೆನ್ಷನ್) ವೈರ್‌ಗಳು ಆಂಟೆನಾದಂತೆ ವರ್ತಿಸುತ್ತಿದ್ದವು, ಜೊತೆಗೆ ಡಿಸ್ಟ್ರಿಬ್ಯೂಟರ್‌ನ ರೋಟರ್ ಮತ್ತು ಕ್ಯಾಪ್ ನಡುವೆ ಎರಡನೆಯದೊಂದು ಕಿಡಿ ಬೇರೆ ಹಾರುತ್ತಿತ್ತು. ಈಗಿನ ಬಹಳಷ್ಟು ಕಾರುಗಳಲ್ಲಿ ಪ್ರತಿ ಪ್ಲಗ್‌ನ ನೆತ್ತಿಯ ಮೇಲೆಯೇ ಒಂದೊಂದು ಕಾಯಿಲ್ ಕೂತಿರುತ್ತದೆ. ಉದ್ದನೆಯ ತಂತಿಯೂ ಇಲ್ಲ, ಡಿಸ್ಟ್ರಿಬ್ಯೂಟರ್ ಕೂಡ ಇಲ್ಲ. ಈ ಒಂದು ಬದಲಾವಣೆಯಿಂದ ಹ್ಯಾಮ್‌ಗಳಿಗೆ ಆದ ಉಪಕಾರ ದೊಡ್ಡದು, ಅದು ಅವರಿಗಾಗಿ ಮಾಡಿದ್ದಲ್ಲದಿದ್ದರೂ.

ಕಿಡಿಯ ಗದ್ದಲವನ್ನು ಹುಟ್ಟಿನಲ್ಲೇ ತಗ್ಗಿಸುವ ಉಪಾಯ ಹಳೆಯದು: ದಾರಿಯಲ್ಲಿ ಒಂದು ರೋಧ. ರೆಸಿಸ್ಟರ್ ಪ್ಲಗ್‌ನ ಪಿಂಗಾಣಿಯೊಳಗೆ ಸುಮಾರು 5 ಕಿಲೋಓಮ್‌ನ ರೋಧ ಅಡಗಿರುತ್ತದೆ, ಪ್ಲಗ್‌ನ ನಂಬರಿನಲ್ಲಿ ಬರುವ ಆರ್ ಅಕ್ಷರ ಸಾಮಾನ್ಯವಾಗಿ ಅದನ್ನೇ ಸೂಚಿಸುತ್ತದೆ. ತಂತಿಯಲ್ಲಿ ಶೇಖರವಾದ ವಿದ್ಯುದಂಶ ಒಮ್ಮೆಗೇ ಸಂದಿಗೆ ಧುಮುಕದಂತೆ ಅದು ತಡೆಯುತ್ತದೆ. ಪ್ರವಾಹದ ಶಿಖರ ಮೊಟಕಾಗುತ್ತದೆ. ಇದನ್ನು ಹಾಕಿದರೆ ಗಾಡಿಯ ಪಿಕಪ್ ಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುವವರಿದ್ದಾರೆ. ಸಂದು ಒಡೆಯುವ ತನಕ ಪ್ರವಾಹ ಹೆಚ್ಚೇನೂ ಹರಿಯುವುದಿಲ್ಲವಾದ್ದರಿಂದ ಕಿಡಿ ಹಾರಲು ಬೇಕಾದ ವೋಲ್ಟೇಜಿಗೆ ಈ ರೋಧದಿಂದ ಕೊರತೆಯಾಗದು. ಒಡೆದ ಮೇಲೆ ಕಾಯಿಲ್‌ನಿಂದ ಬರುವ ಪ್ರವಾಹ ಹತ್ತಾರು ಮಿಲಿಆಂಪಿಯರ್ ಮಾತ್ರ. 50 ಮಿಲಿಆಂಪಿಯರ್ ಎಂದುಕೊಂಡರೂ 5 ಕಿಲೋಓಮ್‌ನ ಮೇಲೆ ನಷ್ಟವಾಗುವುದು 250 ವೋಲ್ಟ್. ಬೈಕುಗಳಲ್ಲಿ ಈ ರೋಧ ಪ್ಲಗ್‌ನ ಬದಲು ಪ್ಲಗ್ ಕ್ಯಾಪ್‌ನೊಳಗೆ ಇರುವುದುಂಟು. ಕ್ಯಾಪ್ ಒಡೆದಾಗ ಅಗ್ಗದ, ರೋಧವಿಲ್ಲದ ಕ್ಯಾಪ್ ಹಾಕಿಸಿಕೊಂಡ ಬೈಕ್ ಬೀದಿಯಲ್ಲಿ ಹಾದುಹೋದರೆ ಅಕ್ಕಪಕ್ಕದ ಮನೆಯ ರೇಡಿಯೊಗೂ ಅದರ ಸವಾರಿ ತಿಳಿದುಬಿಡುತ್ತದೆ.

ಕಾರಿಗೆ ರೇಡಿಯೊ ಬಂದಾಗಿನಿಂದಲೂ ಈ ಜಗಳ ಇದೆ. 1930ರಲ್ಲಿ ಅಮೆರಿಕದಲ್ಲಿ ಮೊಟೊರೊಲಾ ಹೆಸರಿನ ಕಾರ್ ರೇಡಿಯೊ ಮಾರುಕಟ್ಟೆಗೆ ಬಂದ ಕಾಲಕ್ಕೆ, ಅಂಥ ರೇಡಿಯೊ ಕೂರಿಸುವುದೆಂದರೆ ಪ್ಲಗ್ ಪ್ಲಗ್‌ಗೂ ಗದ್ದಲ ತಗ್ಗಿಸುವ ಸಪ್ರೆಸರ್ ಜೋಡಿಸುವ ಕೆಲಸವೂ ಸೇರಿಯೇ ಇರುತ್ತಿತ್ತು. ಎರಡನೇ ಮಹಾಯುದ್ಧದ ಜೀಪುಗಳಲ್ಲಿ, ರೇಡಿಯೊ ಗದ್ದಲ ತಗ್ಗಿಸಿದ ಗಾಡಿಗಳ ಬಾನೆಟ್ ಮೇಲಿನ ನೋಂದಣಿ ಸಂಖ್ಯೆಯ ಕೊನೆಗೆ ಎಸ್ ಅಕ್ಷರ ಬರೆದಿರುತ್ತಿದ್ದರು. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಇಂದಿಗೂ ಇಗ್ನಿಷನ್ ತಂತಿಗಳಿಗೆ ಪೂರ್ತಿ ಲೋಹದ ಹೆಣಿಗೆಯ ಹೊದಿಕೆ ಇರುತ್ತದೆ.

ಇಷ್ಟೆಲ್ಲ ಇದ್ದೂ, ಕಾನೂನಿನ ಪರೀಕ್ಷೆ ಪಾಸಾದ ಹೊಸ ಕಾರು ಶಾರ್ಟ್‌ವೇವ್‌ನಲ್ಲಿ ಗದ್ದಲ ಮಾಡುವುದೇಕೆ? ರೇಡಿಯೊ ಅಡಚಣೆಯ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಮಿತಿ ಸಿಸ್ಪರ್ 1934ರಿಂದ ಕೆಲಸ ಮಾಡುತ್ತಿದೆ. ರಸ್ತೆಬದಿಯ ಮನೆಗಳ ರೇಡಿಯೊ, ಟಿವಿಗಳನ್ನು ವಾಹನದಿಂದ ಕಾಪಾಡುವ ಅದರ 12ನೇ ಮಾನದಂಡ ಅಳತೆಯನ್ನು ಆರಂಭಿಸುವುದೇ 30 ಮೆಗಾಹರ್ಟ್ಸ್‌ನಿಂದ. ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್. ಅಂದರೆ ನಮ್ಮ ಬ್ಯಾಂಡ್ ಮುಗಿಯುವಲ್ಲಿ ಆ ಪರೀಕ್ಷೆ ಶುರುವಾಗುತ್ತದೆ. ವಾಹನದೊಳಗಿನ ರಿಸೀವರ್‌ಗಳಿಗಾಗಿಯೇ ಇರುವ 25ನೇ ಮಾನದಂಡ 150 ಕಿಲೋಹರ್ಟ್ಸ್‌ನಿಂದ ಆರಂಭವಾಗುತ್ತದೆ ನಿಜ, ಆದರೆ ಶಾರ್ಟ್‌ವೇವ್ ಪ್ರಸಾರದ ಹೆಸರಿನಲ್ಲಿ ಅದು ನೋಡುವುದು 5.9ರಿಂದ 6.2 ಮೆಗಾಹರ್ಟ್ಸ್‌ನ ಒಂದು ಚೂರನ್ನು. ಹ್ಯಾಮ್‌ಗಳು ಬಳಸುವ 7, 14, 21 ಮೆಗಾಹರ್ಟ್ಸ್ ಬ್ಯಾಂಡುಗಳು ಆ ಚೂರಿನ ಹೊರಗೇ ಉಳಿಯುತ್ತವೆ. ಭಾರತದಲ್ಲಿ ವಾಹನಗಳಿಗೆ ಎಐಎಸ್-004 ಮಾನದಂಡ ಅನ್ವಯಿಸುತ್ತದೆ, ಪುಣೆಯ ಎಆರ್‌ಎಐ ಮುಂತಾದ ಸಂಸ್ಥೆಗಳು ಪರೀಕ್ಷೆ ನಡೆಸುತ್ತವೆ. ಶಾರ್ಟ್‌ವೇವ್ ಕೇಳುವವರನ್ನು ಗಮನದಲ್ಲಿಟ್ಟುಕೊಂಡು ಕಾರು ಮಾಡುವವರು ಯಾರೂ ಇಲ್ಲ. ಆ ಕೆಲಸ ನಮಗೇ ಬಿಟ್ಟದ್ದು.

ಇನ್ನು ದಾರಿಯ ವಿಚಾರ. 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 42 ಮೀಟರ್. ಅದರ ಕಾಲು ಭಾಗದ ಆಂಟೆನಾ ಎಂದರೂ ಹತ್ತು ಮೀಟರಿಗಿಂತ ಹೆಚ್ಚು. ಕಾರಿನ ಮೇಲೆ ನಿಲ್ಲಿಸಬಹುದಾದದ್ದು ಎರಡು, ಎರಡೂವರೆ ಮೀಟರಿನ ಕಡ್ಡಿ, ಕೊರತೆ ತುಂಬಲು ನಡುವೆ ಒಂದು ಲೋಡಿಂಗ್ ಕಾಯಿಲ್. ಆದರೆ ಆ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಉಳಿದರ್ಧ ಕಾರಿನ ಮೈ. ಕಡ್ಡಿಯಲ್ಲಿ ಹರಿಯುವಷ್ಟೇ ಪ್ರವಾಹ ಮೈಯಲ್ಲೂ ಹರಿಯಬೇಕು, ಹಾಗಾಗಿ ಬಾಗಿಲು, ಬಾನೆಟ್, ಡಿಕ್ಕಿ, ಸೈಲೆನ್ಸರ್ ಪೈಪು ಇವುಗಳ ಮೇಲೆ ಹರಿಯುವ ಯಾವ ಗದ್ದಲದ ಪ್ರವಾಹವೂ ಹೊರಗಿನದಲ್ಲ, ಆಂಟೆನಾದೊಳಗಿನದೇ ಆಗುತ್ತದೆ. ಈ ಮಾತು ಮನಸ್ಸಿಗೆ ಹಿಡಿದರೆ ಮುಂದಿನ ಕೆಲಸಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೈ ಎನ್ನುತ್ತೇವಾದರೂ ಅದು ಒಂದೇ ತಗಡಲ್ಲ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ಸೈಲೆನ್ಸರ್ ಪೈಪು ರಬ್ಬರ್ ಕೊಂಡಿಗಳಲ್ಲಿ ನೇತಾಡುತ್ತ ಎಂಜಿನ್ನಿನಿಂದ ಹಿಂದಿನ ಬಂಪರ್ ತನಕ ಚಾಚಿಕೊಂಡಿದೆ. ಒಂದು ತುದಿ ಗದ್ದಲದ ಬಾಯಿಗೆ ಅಂಟಿದ್ದು, ಇನ್ನೊಂದು ತುದಿ ಗಾಳಿಯಲ್ಲಿ ತೆರೆದಿದ್ದರೆ ಆಂಟೆನಾಕ್ಕೆ ಬೇರೇನು ಬೇಕು? ಬಾನೆಟ್ ಬಣ್ಣ ಮೆತ್ತಿದ, ಗ್ರೀಸ್ ತುಂಬಿದ ಕೀಲುಗಳ ಮೇಲಿದೆ, ಮುಚ್ಚಿದಾಗ ಅಂಚುಗಳು ರಬ್ಬರ್ ಮೇಲೆ ಒರಗುತ್ತವೆ. ಮಲ್ಟಿಮೀಟರ್ ಹಚ್ಚಿ ನೋಡಿದರೆ ಬಾನೆಟ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಸೊನ್ನೆ ಓಮ್ ತೋರಿಸಬಹುದು, ಆದರೆ ಆ ಸೊನ್ನೆ ಬ್ಯಾಟರಿಯ ವಿದ್ಯುತ್ತಿಗೆ ಮಾತ್ರ ಸತ್ಯ. ಸಪೂರ ತಂತಿಗೆ ಸೆಂಟಿಮೀಟರ್ ಒಂದಕ್ಕೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 30 ಸೆಂಟಿಮೀಟರಿನ ತುಂಡಿಗೆ 0.3 ಮೈಕ್ರೋಹೆನ್ರಿ; 14 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ 26 ಓಮ್. ಮೀಟರಿನಲ್ಲಿ ಸೊನ್ನೆಯಾದದ್ದು ರೇಡಿಯೊ ಪ್ರವಾಹದ ಪಾಲಿಗೆ ಗೋಡೆ.

ಆದ್ದರಿಂದ ಇಲ್ಲಿ ದುಂಡನೆಯ ತಂತಿ ಕೆಲಸಕ್ಕೆ ಬಾರದು. ಅಗಲವಾದ, ಗಿಡ್ಡನೆಯ, ಚಪ್ಪಟೆ ತಾಮ್ರದ ಹೆಣಿಗೆಯ ಪಟ್ಟಿ ಬೇಕು. ಉದ್ದವು ಅಗಲದ ಐದು ಪಟ್ಟನ್ನು ಮೀರಬಾರದು ಎಂಬುದು ವಾಡಿಕೆಯ ಲೆಕ್ಕ. ಬಾನೆಟ್‌ನ ಎರಡೂ ಕೀಲುಗಳ ಬಳಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣವನ್ನೂ ಅದರಡಿಯ ಪ್ರೈಮರನ್ನೂ ಲೋಹ ಹೊಳೆಯುವ ತನಕ ಕೆರೆದು, ಪಟ್ಟಿಯ ತುದಿಗೆ ಸ್ಟಾರ್ ವಾಷರ್ ಇಟ್ಟು ಬೋಲ್ಟ್ ಬಿಗಿಯಬೇಕು. ವಾಷರಿನ ಹಲ್ಲುಗಳು ತಗಡಿಗೆ ಕಚ್ಚಿಕೊಳ್ಳಬೇಕು. ಬಿಗಿದ ಮೇಲೆ ಸುತ್ತಲೂ ಗ್ರೀಸ್ ಹಚ್ಚುವುದನ್ನು ಮರೆಯುವಂತಿಲ್ಲ, ಕೆರೆದ ಜಾಗದಲ್ಲಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬರಿಯ ತಾಮ್ರದ ಪಟ್ಟಿ ಬೇಗನೆ ಕಿಲುಬು ಹಿಡಿದು ಹಸಿರಾಗುತ್ತದೆ, ಎಳೆ ಎಳೆಯ ನಡುವೆ ಸಂಪರ್ಕ ಕೆಡುತ್ತದೆ; ಅಲ್ಲಿನವರು ತವರ ಲೇಪಿಸಿದ ಪಟ್ಟಿಯನ್ನೇ ಹುಡುಕಿ ಹಾಕುವುದು ಒಳ್ಳೆಯದು. ಬಾನೆಟ್ ಆದ ಮೇಲೆ ಎಂಜಿನ್ ಬ್ಲಾಕ್‌ನಿಂದ ಚಾಸಿಗೆ ಒಂದು, ಡಿಕ್ಕಿಯ ಬಾಗಿಲಿಗೆ ಒಂದು, ಸೈಲೆನ್ಸರ್ ಪೈಪಿಗೆ ಎರಡು ಮೂರು ಕಡೆ. ಕಾದ ಪೈಪಿಗೆ ಬೆಸುಗೆ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ಸ್ಟೀಲ್ ಕ್ಲ್ಯಾಂಪ್ ಬೇಕು. ಈ ಎಲ್ಲ ಕೆಲಸವನ್ನು ನೋಡುತ್ತ ನಿಂತ ಮೆಕ್ಯಾನಿಕ್ ‘ಇದೆಲ್ಲ ಯಾಕೆ ಸರ್, ಅರ್ಥ್ ಸರಿ ಇದೆಯಲ್ಲ?’ ಎಂದು ಕೇಳಿಯೇ ಕೇಳುತ್ತಾನೆ. ಅವನ ಪ್ರಕಾರ ಸರಿಯೇ ಇದೆ. ಹೆಡ್‌ಲೈಟ್ ಉರಿಯಲು ಬೇಕಾದ ಅರ್ಥ್ ಬೇರೆ, 14 ಮೆಗಾಹರ್ಟ್ಸ್‌ಗೆ ಬೇಕಾದ ಅರ್ಥ್ ಬೇರೆ.

ಪಟ್ಟಿ ಬಿಗಿಯುವ ಮುನ್ನ ಗದ್ದಲ ಯಾವುದರದ್ದು ಎಂದು ಗುರುತಿಸಿಕೊಂಡರೆ ಶ್ರಮ ಉಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ರೇಡಿಯೊದ ಹಿಂದಿನಿಂದ ಆಂಟೆನಾ ಕೇಬಲ್ ಬಿಚ್ಚಿ. ಸದ್ದು ನಿಂತರೆ ಅದು ಆಂಟೆನಾದ ಮೂಲಕ ಬರುತ್ತಿದೆ. ನಿಲ್ಲದಿದ್ದರೆ ಬ್ಯಾಟರಿಯ ತಂತಿಯಲ್ಲಿ ಹರಿದು ಬರುತ್ತಿದೆ. ಎರಡನೆಯ ಗುಂಪಿನ ಮುಖ್ಯ ಆರೋಪಿ ನಮ್ಮ ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಎಂದು ಕರೆಯುವ ಆಲ್ಟರ್ನೇಟರ್. ಆರು ಜೋಡಿ ಧ್ರುವಗಳ ಮೂರು ಫೇಸಿನ ಆಲ್ಟರ್ನೇಟರ್ ತನ್ನ ಡಯೋಡುಗಳ ಮೂಲಕ ಸುತ್ತೊಂದಕ್ಕೆ 36 ಏರಿಳಿತ ಕೊಡುತ್ತದೆ. ಎಂಜಿನ್ 900 ಸುತ್ತಿನಲ್ಲಿದ್ದು ಪುಲ್ಲಿಯ ಅನುಪಾತ ಎರಡೂವರೆ ಇದ್ದರೆ ಅದು ಸುಮಾರು 1350 ಹರ್ಟ್ಸ್. ಟರ್ರೆನ್ನುವ ಬದಲು ಕುಂಯ್‌ಗುಡುವ ಶಿಳ್ಳೆ ಕೇಳಿದರೆ, ಆಕ್ಸಿಲರೇಟರ್ ಒತ್ತಿದಂತೆ ಆ ಶಿಳ್ಳೆಯ ಶ್ರುತಿ ಏರಿದರೆ ಪ್ಲಗ್ ಮುಟ್ಟುವ ಅಗತ್ಯವಿಲ್ಲ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಎರಡು ಮೂರು ಸೆಕೆಂಡ್ ಕೊರೆಯುವಂಥ ಸದ್ದು ಬಂದು ನಿಂತರೆ ಅದು ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪ್. ವೈಪರ್, ಎಸಿ ಬ್ಲೋವರ್‌ಗಳನ್ನು ಸ್ವಿಚ್ಚಿನಿಂದಲೇ ಪರೀಕ್ಷಿಸಬಹುದು. ಉಳಿದವುಗಳಿಗೆ ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ಬೇಸರದ ಕೆಲಸವಾದರೂ ಖಚಿತವಾದದ್ದು. ಎಲ್ಲಕ್ಕೂ ಮೊದಲು ಲೈಟರ್ ಸಾಕೆಟ್‌ನಲ್ಲಿ ಸಿಕ್ಕಿಸಿದ ಮೊಬೈಲ್ ಚಾರ್ಜರ್ ಕೀಳಬೇಕು. ಇಡೀ ಎಂಜಿನ್ನಿಗಿಂತ ಹೆಚ್ಚು ಗದ್ದಲ ಮಾಡುವ ಅಗ್ಗದ ಚಾರ್ಜರ್‌ಗಳೂ ಡ್ಯಾಶ್‌ಕ್ಯಾಮ್‌ಗಳೂ ಇವೆ. ಓಡುತ್ತಿರುವ ಗಾಡಿಯಲ್ಲಿ ಇಗ್ನಿಷನ್ ಆರಿಸಿ ಕೇಳಿ ನೋಡುವ ಹಳೆಯ ಸಲಹೆಯನ್ನು ಮಾತ್ರ ಪಾಲಿಸಬಾರದು; ಪವರ್ ಸ್ಟೀರಿಂಗ್, ಬ್ರೇಕ್ ಬೂಸ್ಟರ್ ಎರಡೂ ಕೈಕೊಡುತ್ತವೆ.

ತಂತಿಯಲ್ಲಿ ಬರುವ ಗದ್ದಲಕ್ಕೆ ಮದ್ದು ಸರಳ. 100 ವ್ಯಾಟಿನ ಸೆಟ್ ಪ್ರಸಾರ ಮಾಡುವಾಗ 13.8 ವೋಲ್ಟ್‌ನಲ್ಲಿ 20 ಆಂಪಿಯರ್‌ನಷ್ಟು ಎಳೆಯುತ್ತದೆ, ಅದನ್ನು ಲೈಟರ್ ಸಾಕೆಟ್‌ನಿಂದ ತೆಗೆಯುವಂತೆಯೇ ಇಲ್ಲ. ಪಾಸಿಟಿವ್ ತಂತಿ ನೇರವಾಗಿ ಬ್ಯಾಟರಿಗೆ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ. ನೆಗೆಟಿವ್ ತಂತಿಯನ್ನು ಬ್ಯಾಟರಿಯ ಟರ್ಮಿನಲ್‌ಗೆ ಜೋಡಿಸುವ ಬದಲು, ಬ್ಯಾಟರಿಯ ನೆಗೆಟಿವ್ ಕೇಬಲ್ ಕಾರಿನ ಮೈಗೆ ಸೇರುವ ಬೋಲ್ಟ್‌ಗೆ ಜೋಡಿಸುವುದು ಈಗಿನ ಕಾರುಗಳಲ್ಲಿ ಕ್ಷೇಮ, ಏಕೆಂದರೆ ಟರ್ಮಿನಲ್ ಮೇಲೆ ಬ್ಯಾಟರಿಯ ಲೆಕ್ಕ ಇಡುವ ಸೆನ್ಸರ್ ಕೂತಿರಬಹುದು.

ಗದ್ದಲದ ಪ್ರವಾಹಕ್ಕೆ ತಡೆಯೊಡ್ಡುವ ಕಾಂತೀಯ ವಸ್ತು ಫೆರೈಟ್ ಬಗ್ಗೆ ಒಂದು ಭ್ರಮೆಯನ್ನು ಬಿಡಿಸಬೇಕು. ತಂತಿಯ ಮೇಲೆ ಕ್ಲಿಪ್ಪಿನಂತೆ ಕಚ್ಚಿಸುವ ಕಪ್ಪು ಫೆರೈಟ್ ತುಂಡು ವಿಎಚ್‌ಎಫ್‌ನಲ್ಲಿ (30 ಮೆಗಾಹರ್ಟ್ಸ್‌ಗಿಂತ ಮೇಲೆ) ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ 7 ಮೆಗಾಹರ್ಟ್ಸ್‌ನಲ್ಲಿ ಒಂದೇ ಸಲ ತಂತಿ ಹಾಯಿಸಿದರೆ ಅದು ಒಡ್ಡುವ ತಡೆ ಕೆಲವು ಹತ್ತು ಓಮ್‌ಗಳಷ್ಟೇ. ತಡೆ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ಅದೇ ತಂತಿಯನ್ನು ಐದು ಸುತ್ತು ಸುತ್ತಿದರೆ ಹೆಚ್ಚುಕಡಿಮೆ ಇಪ್ಪತ್ತೈದು ಪಟ್ಟು. ಶಾರ್ಟ್‌ವೇವ್‌ಗೆ ಮಿಕ್ಸ್ 31 ಎಂಬ ಬಗೆಯ ಫೆರೈಟ್ ಹೊಂದುತ್ತದೆ. ಇಂಜೆಕ್ಟರ್, ಏರ್‌ಬ್ಯಾಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಂತಿಗಳಿಗೆ ಕೆಪ್ಯಾಸಿಟರ್ ಜೋಡಿಸುವ ಸಾಹಸ ಬೇಡ.

ಇಷ್ಟಾದರೂ ಉಳಿಯುವ ಕಿಡಿ ಸದ್ದಿಗೆ ರೇಡಿಯೊದೊಳಗೇ ನಾಯ್ಸ್ ಬ್ಲ್ಯಾಂಕರ್ ಇದೆ, ಅದರ ಮೂಲ ಕಲ್ಪನೆಯನ್ನು ಅಮೆರಿಕದ ಜೇಮ್ಸ್ ಲ್ಯಾಂಬ್ 1936ರಲ್ಲೇ ಪ್ರಕಟಿಸಿದ್ದರು. ಕಿಡಿಯ ಮಿಡಿತ ಮೈಕ್ರೋಸೆಕೆಂಡಿನಷ್ಟು ಗಿಡ್ಡ. ಆದರೆ ಮಾತು ಕೇಳಲು ಬಳಸುವ 2.4 ಕಿಲೋಹರ್ಟ್ಸ್‌ನ ಕಿರಿದಾದ ಫಿಲ್ಟರ್ ಅದನ್ನು ಗಿಡ್ಡವಾಗಿ ಉಳಿಯಗೊಡುವುದಿಲ್ಲ. ಒಮ್ಮೆ ಬಡಿದ ಗುಡಿಯ ಗಂಟೆ ಆಮೇಲೂ ಮೊರೆಯುವಂತೆ, ಫಿಲ್ಟರ್ ಆ ಮಿಡಿತವನ್ನು ಸುಮಾರು 0.4 ಮಿಲಿಸೆಕೆಂಡಿಗೆ ಎಳೆಯುತ್ತದೆ. ಮೋರ್ಸ್ ಕೇಳಲು 250 ಹರ್ಟ್ಸ್ ಫಿಲ್ಟರ್ ಹಾಕಿದರೆ 4 ಮಿಲಿಸೆಕೆಂಡ್. ಸೆಕೆಂಡಿಗೆ 100 ಕಿಡಿ ಎಂದರೆ ಸಮಯದ ಐದನೆಯ ಎರಡು ಪಾಲು ಗದ್ದಲಕ್ಕೇ ಹೋಯಿತು. ಸಾಲದ್ದಕ್ಕೆ ರೇಡಿಯೊದ ಸ್ವಯಂಚಾಲಿತ ಗೇನ್ ನಿಯಂತ್ರಣ ಆ ಶಿಖರಗಳನ್ನೇ ಸಿಗ್ನಲ್ ಎಂದು ತಿಳಿದು ರಿಸೀವರಿನ ಕಿವಿಯನ್ನು ತಗ್ಗಿಸಿಬಿಡುತ್ತದೆ. ಬ್ಲ್ಯಾಂಕರ್ ಮಾಡುವುದೇನೆಂದರೆ, ಮಿಡಿತವನ್ನು ಫಿಲ್ಟರ್ ತಲುಪುವ ಮುಂಚೆಯೇ, ಅದಿನ್ನೂ ಗಿಡ್ಡವಾಗಿರುವಾಗಲೇ ಗುರುತಿಸಿ, ಅಷ್ಟು ಹೊತ್ತು ಮಾತ್ರ ಬಾಗಿಲು ಮುಚ್ಚುವುದು. ಪಕ್ಕದಲ್ಲಿ ಬಲವಾದ ಸ್ಟೇಷನ್ ಇದ್ದರೆ ಅದು ಗಲಿಬಿಲಿಗೊಂಡು ಮಾತನ್ನೇ ಕೆಡಿಸುತ್ತದೆ, ಆಲ್ಟರ್ನೇಟರ್ ಶಿಳ್ಳೆಗೆ ಅದರಿಂದ ಪ್ರಯೋಜನವೂ ಇಲ್ಲ. ಬಾನೆಟ್ ಪಟ್ಟಿಗೆ ಪರ್ಯಾಯ ಎಂದು ಅದನ್ನು ನಂಬಲಾಗದು.

ಡೀಸೆಲ್ ಗಾಡಿಯಲ್ಲಿ ಕಿಡಿಯೇ ಇಲ್ಲದ ಕಾರಣ ಹಳೆಯ ಡೀಸೆಲ್ ಜೀಪು ಹ್ಯಾಮ್‌ಗಳಿಗೆ ಅಚ್ಚುಮೆಚ್ಚು. ಈಗಿನ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಇಂಜೆಕ್ಟರ್‌ಗಳನ್ನು ಚುರುಕಾದ ವಿದ್ಯುತ್ ಮಿಡಿತಗಳಿಂದ ತೆರೆಯುವುದರಿಂದ ಆ ನೆಮ್ಮದಿ ಸ್ವಲ್ಪ ಕಡಿಮೆಯಾಗಿದೆ. ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್ ನೂರಾರು ವೋಲ್ಟ್‌ಗಳನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ, ಪ್ರತಿ ಕತ್ತರಿಯ ಅಂಚೂ ಗದ್ದಲದ ಬೀಜ. ಬಿಎಂಡಬ್ಲ್ಯು ಐ3 ಎಎಂ ರೇಡಿಯೊ ಇಲ್ಲದೆಯೇ ಬಂದದ್ದು ಇದೇ ಕಾರಣಕ್ಕೆ. 2020ರಲ್ಲಿ ಬಂದ ಸಿಸ್ಪರ್ 36, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ವಾಹನಗಳಿಗೆ 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್ ತನಕ ಮಿತಿ ಹಾಕಿದೆ. ಪೆಟ್ರೋಲ್ ಕಾರಿಗೆ ಇಲ್ಲದ ಶಾರ್ಟ್‌ವೇವ್ ಕಟ್ಟಳೆ ಎಲೆಕ್ಟ್ರಿಕ್ ಕಾರಿಗೆ ಬಂತು, ಆದರೆ ಅದೂ ಕಾರಿನ ಹೊರಗಿರುವ ರಿಸೀವರಿನ ರಕ್ಷಣೆಗೆ.

ಪೆಟ್ರೋಲ್ ಜನರೇಟರ್‌ಗಳಿಗೂ ಮೇಲಿನ ಮಾತುಗಳೆಲ್ಲ ಅನ್ವಯಿಸುತ್ತವೆ. 2004ರ ಸುನಾಮಿಯ ನಂತರ ಅಂಡಮಾನ್‌ನಿಂದ ಹ್ಯಾಮ್‌ಗಳು ಶಾರ್ಟ್‌ವೇವ್‌ನಲ್ಲಿ ಸುದ್ದಿ ಮುಟ್ಟಿಸಿದಂಥ ಸಂದರ್ಭಗಳಲ್ಲಿ, ಕರೆಂಟ್ ಹೋದ ಊರಿನಲ್ಲಿ, ವಿದ್ಯುತ್ತಿಗೆ ಗತಿ ಬ್ಯಾಟರಿ ಇಲ್ಲವೇ ಜನರೇಟರ್. ಅದಕ್ಕೆ ರೆಸಿಸ್ಟರ್ ಪ್ಲಗ್ ಹಾಕಿಸಿ, ಆಂಟೆನಾದಿಂದ ಕೇಬಲ್ ಎಟಕುವಷ್ಟು ದೂರದಲ್ಲಿಟ್ಟು, ಅದರ ತಂತಿಯನ್ನು ಫೆರೈಟ್‌ಗೆ ನಾಲ್ಕೈದು ಸುತ್ತು ಸುತ್ತಿದರೆ ಬಹುಪಾಲು ಸರಿಹೋಗುತ್ತದೆ.

ಈ ಕೆಲಸವನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೂ ಒಂದು ಅಳತೆ ಇದೆ. ಊರಾಚೆ, ವಿದ್ಯುತ್ ಲೈನುಗಳಿಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಆಂಟೆನಾ ಜೋಡಿಸಿ ಬಿಚ್ಚಿ ನೋಡಿದರೆ ಬ್ಯಾಂಡಿನ ಸಹಜ ಗದ್ದಲ ಎಷ್ಟೆಂದು ತಿಳಿಯುತ್ತದೆ. ಎಂಜಿನ್ ಚಾಲೂ ಮಾಡಿದಾಗ ಮೀಟರಿನ ಮುಳ್ಳು ಅದಕ್ಕಿಂತ ಮೇಲೇಳದಿದ್ದರೆ ಮುಂದಿನ ಶ್ರಮದಿಂದ ಲಾಭವಿಲ್ಲ. ನಗರದೊಳಗೆ ಈ ಪರೀಕ್ಷೆ ಮಾಡಬಾರದು. ಅಲ್ಲಿ ಮನುಷ್ಯರು ಸೃಷ್ಟಿಸಿದ ಗದ್ದಲ ಹಳ್ಳಿಗಿಂತ ಸುಮಾರು 10 ಡೆಸಿಬೆಲ್ ಹೆಚ್ಚಿರುವುದರಿಂದ ಎಂಜಿನ್ ತಾನೇ ಸಾಧುವಾದಂತೆ ಕಾಣುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಹೊತ್ತಿನಲ್ಲಿ 7 ಮೆಗಾಹರ್ಟ್ಸ್ ಮೇಲೆ ನೋಡಿದರೂ ಅದೇ ಮೋಸ. ಸಹಜ ಗದ್ದಲ ತೀರಾ ಕಡಿಮೆ ಇರುವ 21 ಅಥವಾ 28 ಮೆಗಾಹರ್ಟ್ಸ್‌ನಲ್ಲಿ, ಚಳಿಗಾಲದ ನಡುಹಗಲಿನಲ್ಲಿ ಕೇಳಬೇಕು. 7ರಲ್ಲಿ ಮಾತ್ರ ಮಾತನಾಡುವವರಿಗೆ ಬಾನೆಟ್ ಮತ್ತು ಸೈಲೆನ್ಸರಿನ ಪಟ್ಟಿಗಳಷ್ಟೇ ಸಾಕಾಗಬಹುದು, 28ಕ್ಕೆ ಏರುವವರು ಡಿಕ್ಕಿಯ ಬಾಗಿಲಿನ ತನಕವೂ ಹೋಗಬೇಕಾಗುತ್ತದೆ.